ಒಪ್ಪಿಗೆಯ ತಾರೀಖು

(ಬೆಳಗಾವಿಯ ಕಂಟೋನ್ಮೆಂಟ್ ಪ್ರದೇಶವಾದ ಕ್ಯಾಂಪಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ನಾನು ಕಂಡ ಮೊದಲ ತೆರಿಗೆ ಎಂದರೆ ಒಂದು ಬಿದಿರಿನ ಅಡ್ಡಗೋಲು. ಖಾನಾಪುರದಿಂದ ಹಂಚು ಹೇರಿಕೊಂಡು ನಮ್ಮ ಕಾಕಾನ ಗಾಡಿ ಬೆಳಗಾವಿಗೆ ಬರುತ್ತಿತ್ತು. ಶಾಲೆಗೆ ಸೂಟಿ ಇದ್ದಾಗ ಹಂಚಿನ ಮೇಲೆ ಹುಲ್ಲು ಹಾಸಿ ನನ್ನನ್ನೂ ಕೂಡಿಸಿಕೊಳ್ಳುತ್ತಿದ್ದ. ಊರು ಹತ್ತಿರ ಬಂದಾಗ ಜಕಾತಿ ನಾಕಾ. ಗೋಲು ಅಡ್ಡ ಬಿದ್ದಿರುತ್ತಿತ್ತು. ಕಾರಕೂನ ಹೊರಗೆ ಬಂದು ಗಾಡಿ ಸುತ್ತ ಒಂದು ಸುತ್ತು ಹಾಕಿ, ಹಂಚು ಎಣಿಸಿದಂತೆ ಮಾಡಿ, ಪಾವತಿ ಹರಿದುಕೊಡುತ್ತಿದ್ದ. ಒಮ್ಮೆ ಕಾಕಾ ಸಿಟ್ಟಿಗೆದ್ದು ಕೇಳಿದ: "ಯಾರನ್ನ ಕೇಳಿ ಹಾಕ್ಯಾರ್ರೀ ಇದನ್ನ?" ಕಾರಕೂನ ತಲೆ ಎತ್ತದೆ ಹೇಳಿದ: "ನಿಮ್ಮ ಮಂದಿನ ಠರಾವು ಮಾಡ್ಯಾರಲ್ಲೋ ಮಾರಾಯಾ." ಕಾಕಾ ಬಿಡಲಿಲ್ಲ: "ಯಾವಾಗ?" ಕಾರಕೂನ ಆಗ ತಲೆ ಎತ್ತಿದ. ಸ್ವಲ್ಪ ಹೊತ್ತು ಯೋಚಿಸಿದ. "ನಾ ಈ ನೌಕರಿಗೆ ಬರೂಕಿಂತ ಮದಲ" ಎಂದ.

1979ರಲ್ಲಿ ಕರ್ನಾಟಕ ಆಕ್ಟ್ರಾಯ್ ತೆಗೆದುಹಾಕಿತು. ಅಡ್ಡಗೋಲು ಹೋಯಿತು, ಅದರ ಜಾಗಕ್ಕೆ ಪ್ರವೇಶ ತೆರಿಗೆಯ ಕಾಯ್ದೆ ಬಂತು. ಕಾಕಾನ ಎರಡು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ನಮ್ಮ ಪಠ್ಯಪುಸ್ತಕಗಳಲ್ಲಿ ಉತ್ತರವಿದೆ. ಮೂವತ್ತು ವರ್ಷ ಅದನ್ನೇ ಪಾಠ ಹೇಳಿ ಪಗಾರ ತೆಗೆದುಕೊಂಡವನು ನಾನು. ಎರಡನೆಯ ಪ್ರಶ್ನೆಯನ್ನು ಮಾತ್ರ ಯಾವ ಪರೀಕ್ಷೆಯಲ್ಲೂ ಕೇಳಲಿಲ್ಲ. ಈ ಹೊತ್ತು ಅದರ ಮೇಲೆ ಮಾತಾಡುತ್ತೇನೆ. ತೆರಿಗೆಗೆ ಜನ ಒಪ್ಪಿದ್ದು ಯಾವಾಗ? ಆ ಒಪ್ಪಿಗೆಯ ತಾರೀಖು ಏನು?

ಸಂವಿಧಾನದ 265ನೇ ವಿಧಿ ಒಂದೇ ಸಾಲಿನದು. ಕಾನೂನಿನ ಬಲವಿಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ, ವಸೂಲು ಮಾಡುವಂತಿಲ್ಲ. ಕಾನೂನು ಮಾಡುವವರು ಶಾಸಕರು, ಶಾಸಕರನ್ನು ಕಳಿಸುವವರು ನಾವು, ಆದ್ದರಿಂದ ತೆರಿಗೆ ಹಾಕಿಕೊಂಡವರೂ ನಾವೇ. ಕಾರಕೂನ ಹೇಳಿದ್ದೂ ಇದನ್ನೇ. ಲೆಕ್ಕ ಸರಿಯಾಗಿದೆ. ಆದರೆ ಲೆಕ್ಕ ಸರಿಯಿದ್ದ ಮಾತ್ರಕ್ಕೆ ವ್ಯವಹಾರ ಸರಿಯಿರುತ್ತದೆ ಎಂದು ಅಂಗಡಿ ನಡೆಸಿದವರು ಯಾರೂ ಹೇಳಲಾರರು.

ಪೆಟ್ರೋಲ್ ಡೀಸೆಲ್ ವಿಷಯ ನೋಡಿ. ಇವುಗಳ ಮೇಲಿನ ಮಾರಾಟ ತೆರಿಗೆ ರಾಜ್ಯದ್ದು. 2020ರ ಬಜೆಟ್ಟಿನಲ್ಲಿ ಯಡಿಯೂರಪ್ಪನವರ ಸರ್ಕಾರ ಪೆಟ್ರೋಲ್ ಮೇಲಿನ ದರವನ್ನು ಶೇ. 32ರಿಂದ 35ಕ್ಕೆ, ಡೀಸೆಲ್ ಮೇಲಿನದನ್ನು ಶೇ. 21ರಿಂದ 24ಕ್ಕೆ ಏರಿಸಿತು. 2021ರ ದೀಪಾವಳಿಗೆ ಕೇಂದ್ರ ತನ್ನ ಅಬಕಾರಿ ಸುಂಕ ಇಳಿಸಿದಾಗ ಬೊಮ್ಮಾಯಿಯವರ ಸರ್ಕಾರವೂ ಲೀಟರಿಗೆ 7 ರೂಪಾಯಿ ಇಳಿಸಿತು. 2024ರ ಜೂನ್ 15ರಂದು ಸಿದ್ದರಾಮಯ್ಯನವರ ಸರ್ಕಾರ ಪೆಟ್ರೋಲ್ ದರವನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು, ಡೀಸೆಲ್ ಶೇ. 14ರ ಆಸುಪಾಸಿನಿಂದ 18ರ ಆಸುಪಾಸಿಗೆ ಹೋಯಿತು. 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮತ್ತೆ ಏರಿ ಶೇ. 21.17 ಆಯಿತು.

ಏರಿಸಿದ್ದು ತಪ್ಪೋ ಒಪ್ಪೋ ಎಂಬುದು ಇವತ್ತಿನ ಚರ್ಚೆಯಲ್ಲ. ರಾಜ್ಯಕ್ಕೆ ದುಡ್ಡು ಬೇಕು, ಅದು ಎಲ್ಲಿಂದಲಾದರೂ ಬರಬೇಕು. ನಾನು ನೋಡುವುದು ತಾರೀಖು. 2024ರಲ್ಲಿ ಲೋಕಸಭೆಯ ಫಲಿತಾಂಶ ಬಂದದ್ದು ಜೂನ್ 4ಕ್ಕೆ, ದರ ಏರಿದ್ದು 15ಕ್ಕೆ, ವಿಧಾನಮಂಡಲ ಸೇರಿದ್ದು ಜುಲೈ 15ಕ್ಕೆ. ಮತ ಎಣಿಸುವ ಕೆಲಸ ಮುಗಿದು ಹನ್ನೊಂದು ದಿನಕ್ಕೆ, ಸದನ ಸೇರುವುದಕ್ಕೆ ಒಂದು ತಿಂಗಳು ಮುಂಚೆ. ಅಧಿಸೂಚನೆಯ ಒಂದು ಹಾಳೆಯಲ್ಲಿ ಕೆಲಸ ಆಗಿಹೋಯಿತು. ಇದರಲ್ಲಿ ಕಾನೂನು ಮುರಿದದ್ದು ಏನೂ ಇಲ್ಲ. ದರ ಏರಿಳಿಸುವ ಅಧಿಕಾರವನ್ನು ಸದನವೇ ಎಂದೋ ಸರ್ಕಾರದ ಕೈಗೆ ಕೊಟ್ಟಿದೆ. ಕೊಟ್ಟದ್ದು ಎಂದೋ, ಬಳಸುವುದು ಇಂದು. ಏರಿಕೆ ವಿರುದ್ಧ ಆಗ ಬೀದಿಗಿಳಿದ ಪಕ್ಷ 2020ರಲ್ಲಿ ತಾನೇ ಏರಿಸಿತ್ತು, 2020ರಲ್ಲಿ ಬೀದಿಯಲ್ಲಿದ್ದ ಪಕ್ಷ 2024ರಲ್ಲಿ ಏರಿಸಿತು. ಎರಡೂ ಪಕ್ಷದವರು ಬೀದಿಗಿಳಿದರು, ಆದರೆ ಏರಿಸುವ ಮುಂಚೆ ಸದನಕ್ಕೆ ತನ್ನಿ ಎಂಬ ಮಾತು ಇಬ್ಬರಿಂದಲೂ ಜೋರಾಗಿ ಬರಲಿಲ್ಲ. ಕುರ್ಚಿ ಬದಲಾದ ದಿನ ಅದು ತಮ್ಮ ಕೈಯನ್ನೂ ಕಟ್ಟುತ್ತದೆಂಬುದು ಅವರಿಗೆ ಗೊತ್ತು.

2025ರ ಆಗಸ್ಟ್ 31ರಿಂದ ಆಸ್ತಿ ನೋಂದಣಿ ಶುಲ್ಕ ಶೇ. 1ರಿಂದ 2 ಆಯಿತು. ಮನೆ ಕೊಳ್ಳುವವನಿಗೆ ಅದು ಒಂದೇ ಏಟಿಗೆ ದುಪ್ಪಟ್ಟು. ಅದಕ್ಕೂ ಒಂದು ಆದೇಶ ಸಾಕಾಯಿತು.

ಗಡಿಯಲ್ಲಿರುವ ನಮಗೆ ಇನ್ನೊಂದು ಅನುಕೂಲವಿದೆ ಎನ್ನಿ. ಬೆಂಗಳೂರಿನವನು ಏರಿದ ದರಕ್ಕೆ ಬೈದುಕೊಂಡು ಸುಮ್ಮನಾಗಬೇಕು. ಖಾನಾಪುರದವನು ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದರೆ ಗೋವಾ, ಅಲ್ಲಿ ಪೆಟ್ರೋಲೂ ಅಗ್ಗ, ಇನ್ನೊಂದು ಪದಾರ್ಥವೂ ಅಗ್ಗ. 2023ರ ಜುಲೈ ಬಜೆಟ್ಟಿನಲ್ಲಿ ದೇಶೀ ತಯಾರಿಕೆಯ ಮದ್ಯದ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಶೇ. 20ರಷ್ಟು ಏರಿತು. ಆಮೇಲೆ ಕಣಕುಂಬಿ ತನಿಖಾ ಠಾಣೆಯವರಿಗೆ ಕೆಲಸ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ನಿಮ್ಮ ಊಹೆಗೇ ಬಿಡುತ್ತೇನೆ. ಇತ್ತ ನಿಪ್ಪಾಣಿ ಕಡೆ ಮಹಾರಾಷ್ಟ್ರದ ಲಾರಿಗಳು ನಮ್ಮ ಗಡಿಯೊಳಗೆ ಬಂದು ಡೀಸೆಲ್ ತುಂಬಿಸಿಕೊಂಡು ಹೋಗುತ್ತಿದ್ದವು. ಬೇರೆಯವರು ಐದು ವರ್ಷಕ್ಕೊಮ್ಮೆ ಆಯ್ಕೆ ಮಾಡಿದರೆ ಗಡಿಯವನು ಟ್ಯಾಂಕು ಖಾಲಿಯಾದಾಗಲೆಲ್ಲ ಮಾಡುತ್ತಾನೆ. ಆದರೆ ಇದು ವಾಹನ ಇದ್ದವನ ಮತ. ಬಸ್ಸಿಗೆ ಕಾಯುವವನಿಗೆ ಇದೂ ಇಲ್ಲ.

ನಮ್ಮ ಶಾಸಕರ ಕೈಯಲ್ಲಿ ಏನಿದೆ? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಾಬೂನಿನಿಂದ ಸಿಮೆಂಟಿನವರೆಗೆ ದರ ನಿಗದಿ ಮಾಡುವುದು 2017ರ ಜುಲೈ 1ರಿಂದ ಜಿಎಸ್‌ಟಿ ಮಂಡಳಿಯ ಶಿಫಾರಸು. ಅಲ್ಲಿ ಕೇಂದ್ರದ ಮತಕ್ಕೆ ಮೂರರಲ್ಲೊಂದು ಪಾಲು ತೂಕ, ಎಲ್ಲ ರಾಜ್ಯಗಳಿಗೂ ಸೇರಿ ಉಳಿದದ್ದು, ನಿರ್ಣಯಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ಖಾನಾಪುರದ ಶಾಸಕರು ಸುವರ್ಣ ವಿಧಾನಸೌಧದಲ್ಲಿ ಎಷ್ಟು ಗಟ್ಟಿಯಾಗಿ ಕೂಗಿದರೂ ಸಾಬೂನಿನ ತೆರಿಗೆ ಅಲುಗುವುದಿಲ್ಲ. ರಾಜ್ಯಕ್ಕೆ ಉಳಿದದ್ದು ಇಂಧನ, ಮದ್ಯ, ಮುದ್ರಾಂಕ, ವಾಹನ ತೆರಿಗೆ, ವೃತ್ತಿ ತೆರಿಗೆ ಇಂಥವು ಮಾತ್ರ. ಹಣಕಾಸು ಮಸೂದೆಯನ್ನು ರಾಜ್ಯಪಾಲರ ಶಿಫಾರಸಿಲ್ಲದೆ ತರುವಂತಿಲ್ಲ, ಅಂದರೆ ಸರ್ಕಾರ ಮಾತ್ರ ತರಬಹುದು. ವಿಧಾನ ಪರಿಷತ್ತು ಅದನ್ನು ತಿರಸ್ಕರಿಸುವಂತಿಲ್ಲ, ಹದಿನಾಲ್ಕು ದಿನದೊಳಗೆ ಸಲಹೆ ಹೇಳಿ ಹಿಂದೆ ಕಳಿಸಬೇಕು.

ಆದರೆ 207ನೇ ವಿಧಿಯಲ್ಲಿ ಒಂದು ಸಣ್ಣ ಬಾಗಿಲು ಇದೆ. ತೆರಿಗೆ ಇಳಿಸುವ ಅಥವಾ ರದ್ದುಮಾಡುವ ತಿದ್ದುಪಡಿಗೆ ರಾಜ್ಯಪಾಲರ ಶಿಫಾರಸು ಬೇಡ. ಏರಿಸಿ ಎನ್ನುವ ಅಧಿಕಾರ ಸರ್ಕಾರಕ್ಕೆ ಮಾತ್ರ, ಇಳಿಸಿ ಎನ್ನುವ ಅಧಿಕಾರ ಹಿಂದಿನ ಬೆಂಚಿನ ಶಾಸಕನಿಗೂ ಉಂಟು. ಸೋತರೆ ಸೋಲಲಿ, ಯಾರು ಯಾವ ಕಡೆ ಕೈ ಎತ್ತಿದರು ಎಂಬುದು ಕಡತದಲ್ಲಿ ಉಳಿಯುತ್ತದೆ. ಬಾವಿಗಿಳಿದು ಧಿಕ್ಕಾರ ಕೂಗಿದ್ದು ಮರುದಿನದ ಪತ್ರಿಕೆಯಲ್ಲಿ ಫೋಟೋ ಆಗುತ್ತದೆ. ಮತ ವಿಭಜನೆಗೆ ಫೋಟೋ ಇಲ್ಲ, ಅದಕ್ಕೇ ಅದರ ಕಡೆ ಆಸಕ್ತಿ ಕಡಿಮೆ ಇರಬೇಕು.

ಈಗ ಜನ ತಾವೇ ಮುಂದಾದ ಕಥೆಗೆ ಬರುತ್ತೇನೆ. ಅದರ ನೀರು ಹುಟ್ಟುವುದು ನಮ್ಮ ತಾಲೂಕಿನಲ್ಲೇ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಗೆ ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟು ಬಿತ್ತು. ಕಾಲುವೆ ನೀರು ನರಗುಂದ, ನವಲಗುಂದದ ಎರೆಹೊಲಗಳಿಗೆ ಹೊರಟಿತು. ನೀರಾವರಿಯಿಂದ ಹೊಲದ ಬೆಲೆ ಹೆಚ್ಚುತ್ತದೆ, ಹೆಚ್ಚಿದ ಬೆಲೆಯಲ್ಲಿ ಸರ್ಕಾರಕ್ಕೊಂದು ಪಾಲು ಬರಲಿ ಎಂಬುದು ಬೆಟರ್‌ಮೆಂಟ್ ಲೆವಿಯ ತರ್ಕ. ಅದರ ಕಾಯ್ದೆ 1957ರದ್ದು. ರಾಜ್ಯ ಒಂದಾಗಿ ಒಂದು ವರ್ಷವೂ ಸರಿಯಾಗಿ ಆಗಿರಲಿಲ್ಲ, ನವಿಲುತೀರ್ಥದ ನೀರು ಯಾವ ಹೊಲಕ್ಕೂ ಮುಟ್ಟಿರಲಿಲ್ಲ. ಒಪ್ಪಿಗೆ ಅಂದಿನದು. ಚೀಟಿ ರೈತನ ಕೈಗೆ ಬಂದದ್ದು ಇಪ್ಪತ್ತು ವರ್ಷದ ಮೇಲೆ.

ರೈತರು ತೆರಿಗೆ ಕೊಡುವುದಿಲ್ಲ ಎಂದರೆಂದು ಈಗಲೂ ಕೆಲವರು ಹೇಳುತ್ತಾರೆ. ಅವರು ಹೇಳಿದ್ದು ಬೇರೆ. ನೀರು ಬಂದ ಹೊಲಕ್ಕೂ ಬಾರದ ಹೊಲಕ್ಕೂ ಒಂದೇ ಲೆಕ್ಕ ಯಾಕೆ? ಕಾಲುವೆ ಸೋರಿ ಜೌಗು ಹಿಡಿದ ಹೊಲದ ಬೆಲೆ ಎಲ್ಲಿ ಹೆಚ್ಚಿತು? ಹತ್ತಿ ಬೆಳೆ ಎಂದಿರಿ, ಬೆಳೆದ ಹತ್ತಿಗೆ ದರ ಎಲ್ಲಿ? ಇವು ಒಳ್ಳೆಯ ಲೆಕ್ಕಪತ್ರ ತಪಾಸಣೆಗಾರನ ಪ್ರಶ್ನೆಗಳು. ಮಲಪ್ರಭಾ ನೀರಾವರಿ ಪ್ರದೇಶದ ರೈತರು ಸಮನ್ವಯ ಸಮಿತಿ ಕಟ್ಟಿಕೊಂಡು ಮನವಿ ಕೊಟ್ಟರು, ಧರಣಿ ಕೂತರು. ಮನವಿಗೆ ಉತ್ತರ ತಡವಾಯಿತು, ವಸೂಲಿ ತಡವಾಗಲಿಲ್ಲ. 1980ರ ಜುಲೈ 21ರಂದು ನರಗುಂದದಲ್ಲಿ ತಹಶೀಲ್ದಾರ ಕಚೇರಿಯ ಬಾಗಿಲಲ್ಲಿ ರೈತರು ಅಡ್ಡ ಮಲಗಿದರು. ಆಮೇಲೆ ನಡೆದದ್ದು ಗೋಲಿಬಾರು. ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ, ಅಳಗವಾಡಿಯ ಬಸಪ್ಪ ಲಕ್ಕುಂಡಿ ಸತ್ತರು. ರೊಚ್ಚಿಗೆದ್ದ ಗುಂಪಿನ ಕೈಯಲ್ಲಿ ಪೊಲೀಸರೂ ಸತ್ತರು, ಅದನ್ನೂ ಹೇಳಬೇಕು, ಹುತಾತ್ಮ ದಿನದ ಭಾಷಣಗಳಲ್ಲಿ ಅದು ಬಿಟ್ಟುಹೋಗುತ್ತದೆ. ಗುಂಡೂರಾವ್ ಸರ್ಕಾರ ಲೆವಿ ವಸೂಲಿಯಿಂದ ಹಿಂದೆ ಸರಿಯಿತು. ಆ ಬೆಂಕಿಯಿಂದಲೇ ಕರ್ನಾಟಕ ರಾಜ್ಯ ರೈತ ಸಂಘ ಎದ್ದಿತು. 1983ರ ಜನವರಿಯಲ್ಲಿ ಚುನಾವಣೆ ಬಂದಾಗ ಈ ರಾಜ್ಯದಲ್ಲಿ ಕಾಂಗ್ರೆಸ್ ಮೊದಲ ಸಲ ಸೋತಿತು. ಸೋಲಿಗೆ ಇದೊಂದೇ ಕಾರಣವಲ್ಲ, ಆದರೆ ಇದನ್ನು ಬಿಟ್ಟು ಆ ಸೋಲನ್ನು ವಿವರಿಸುವುದು ಕಷ್ಟ.

ಬಾಗಿಲಲ್ಲಿ ಅಡ್ಡ ಮಲಗುವುದಕ್ಕಿಂತ ಮುಂಚೆ, ತೆರಿಗೆ ಬೇಕೋ ಬೇಡವೋ ಎಂದು ಜನರನ್ನೇ ನೇರ ಕೇಳಿದರೆ? ಅಮೆರಿಕದ ಕೆಲವು ರಾಜ್ಯಗಳು ಇದನ್ನು ಮಾಡಿನೋಡಿವೆ. ಕ್ಯಾಲಿಫೋರ್ನಿಯಾದಲ್ಲಿ ಸಾಕಷ್ಟು ಮತದಾರರು ಸಹಿ ಹಾಕಿದರೆ ಒಂದು ಪ್ರಸ್ತಾವ ನೇರ ಮತಪತ್ರಕ್ಕೆ ಬರುತ್ತದೆ. 1978ರ ಜೂನ್ 6ರಂದು ಹವರ್ಡ್ ಜಾರ್ವಿಸ್, ಪಾಲ್ ಗ್ಯಾನ್ ಎಂಬಿಬ್ಬರು ಮುಂದೆ ನಿಂತು ತಂದ 13ನೇ ಪ್ರಸ್ತಾವಕ್ಕೆ ಮೂರರಲ್ಲಿ ಎರಡು ಪಾಲಿನಷ್ಟು ಜನ ಹೂಂ ಎಂದರು. ಆಸ್ತಿ ತೆರಿಗೆ ಬೆಲೆಯ ಶೇ. 1ಕ್ಕಿಂತ ಮೇಲೆ ಹೋಗಬಾರದು, ಮನೆ ಮಾರುವವರೆಗೆ ತೆರಿಗೆ ಲೆಕ್ಕದ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರಬಾರದು, ರಾಜ್ಯದ ತೆರಿಗೆ ಏರಿಸಲು ಎರಡೂ ಸದನಗಳಲ್ಲಿ ಮೂರರಲ್ಲಿ ಎರಡು ಬಹುಮತ ಬೇಕು. ಮನೆಯಿಂದ ಹೊರಬೀಳುವ ಭಯದಲ್ಲಿದ್ದ ಮುದುಕರಿಗೆ ಅದು ನಿಜವಾದ ಆಸರೆಯಾಯಿತು. ಆದರೆ ಇವತ್ತು ಒಂದೇ ಬೀದಿಯಲ್ಲಿ ಒಂದೇ ಅಳತೆಯ ಎರಡು ಮನೆಗಳಿದ್ದರೆ, ಹಳೆಯ ಮಾಲೀಕನದು ಒಂದು ತೆರಿಗೆ, ಈಚೆಗೆ ಕೊಂಡ ಹುಡುಗ ಹುಡುಗಿಯರದು ಅದರ ಹಲವು ಪಟ್ಟು. ಅವರಲ್ಲಿ ಹೆಚ್ಚಿನವರು 1978ರಲ್ಲಿ ಹುಟ್ಟಿಯೇ ಇರಲಿಲ್ಲ. ಮತ್ತೆ ಅದೇ ಕಥೆ. ನರಗುಂದದಲ್ಲಿ ಹಳೆಯ ಒಪ್ಪಿಗೆ, ಕ್ಯಾಲಿಫೋರ್ನಿಯಾದಲ್ಲಿ ಹಳೆಯ ನಿರಾಕರಣೆ.

ವಾಷಿಂಗ್ಟನ್ ರಾಜ್ಯದ್ದು ಇನ್ನೂ ಸ್ವಾರಸ್ಯ. ಅಲ್ಲಿಯ ಮತದಾರರು 1993ರಿಂದ ಮತ್ತೆ ಮತ್ತೆ ಮೂರರಲ್ಲಿ ಎರಡು ಬಹುಮತದ ನಿಯಮ ಹಾಕಿದರು, ಶಾಸಕರು ಸಡಿಲಿಸಿದರು ಅಥವಾ ಅಮಾನತಿನಲ್ಲಿಟ್ಟರು, ಮತದಾರರು ಪುನಃ ಬಿಗಿ ಮಾಡಿದರು. ಕೊನೆಗೆ 2013ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ, ಮಸೂದೆ ಪಾಸಾಗಲು ಸರಳ ಬಹುಮತ ಸಾಕೆಂದು ಸಂವಿಧಾನವೇ ಹೇಳುವಾಗ ಮತದಾರರ ಸಾದಾ ಕಾನೂನಿನಿಂದ ಅದನ್ನು ಬದಲಿಸಲಾಗದು ಎಂದು ನಿಯಮ ಕಿತ್ತುಹಾಕಿತು. ಅತ್ತೆ ಸೊಸೆ ಇಪ್ಪತ್ತು ವರ್ಷ ಒಬ್ಬರ ಕೈಯಿಂದೊಬ್ಬರು ಕೀಲಿಕೈ ಕಸಿದುಕೊಂಡ ಹಾಗೆ.

ಜನರನ್ನು ಕೇಳಿದರೆ ಅವರು ಯಾವಾಗಲೂ ಬೇಡ ಎನ್ನುತ್ತಾರೆಂಬುದು ಅಧಿಕಾರದಲ್ಲಿದ್ದವರ ಖಾಯಂ ಅಂಜಿಕೆ. ಸ್ವಿಟ್ಜರ್ಲೆಂಡಿನವರು 2022ರ ಸೆಪ್ಟೆಂಬರ್ 25ರಂದು ತಮ್ಮ ಮೌಲ್ಯವರ್ಧಿತ ತೆರಿಗೆಯನ್ನು ಶೇ. 7.7ರಿಂದ 8.1ಕ್ಕೆ ಏರಿಸಲು ತಾವೇ ಮತ ಹಾಕಿದರು. ದುಡ್ಡು ಎಲ್ಲಿಗೆ ಹೋಗುತ್ತದೆಂದು ಅವರಿಗೆ ಗೊತ್ತಿತ್ತು, ಮುದುಕರ ಪಿಂಚಣಿಗೆ. ಅಷ್ಟು ದೂರ ಯಾಕೆ, ನಮ್ಮ ಈ ಊರನ್ನೇ ನೋಡಿ. ರಟ್ಟರ ಕಾಲದಲ್ಲಿ ಈ ಊರು ವೇಣುಗ್ರಾಮ. ನಾಲ್ವಡಿ ಕಾರ್ತವೀರ್ಯನ ಆಳಿಕೆಯಲ್ಲಿ, 1204ರಲ್ಲಿ, ಬೀಚಿರಾಜ ಕಟ್ಟಿಸಿದ ರಟ್ಟ ಜಿನಾಲಯಕ್ಕೆ ಇಲ್ಲಿ ಕೂಡಿದ ವರ್ತಕರು ತಮ್ಮ ತಮ್ಮ ಸರಕಿನ ಮೇಲೆ ಇಷ್ಟಿಷ್ಟು ಎಂದು ತಾವೇ ಆಯ ಗೊತ್ತುಮಾಡಿಕೊಟ್ಟದ್ದು ಶಾಸನದಲ್ಲಿದೆ. ಆ ಕಲ್ಲು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿ ಕೊಡುವವರು ಯಾರು, ಯಾವುದರ ಮೇಲೆ ಎಷ್ಟು, ಯಾತಕ್ಕೆ ಎಲ್ಲವೂ ಇದೆ. ತಾರೀಖೂ ಇದೆ. ಅಂದಿನ ವರ್ತಕರೇನೂ ಪ್ರಜಾಪ್ರಭುತ್ವವಾದಿಗಳಲ್ಲ, ಅವರನ್ನು ಹೊಗಳಿ ಅಟ್ಟಕ್ಕೇರಿಸುವುದು ಬೇಡ. ಕಾಕಾ ಕೇಳಿದ ಎರಡೂ ಪ್ರಶ್ನೆಗೆ ಅವರ ಹತ್ತಿರ ಉತ್ತರ ಇತ್ತು, ಅಷ್ಟೇ.

ಎಂಟುನೂರು ವರ್ಷ ದಾಟಿ ಅದೇ ಊರಿಗೆ ಬರೋಣ. 2023ರ ಅಕ್ಟೋಬರಿನಲ್ಲಿ ಬೆಳಗಾವಿ ಮಹಾನಗರ ಪಾಲಿಕೆಯಲ್ಲಿ ಘರಪಟ್ಟಿಯ, ಅಂದರೆ ಆಸ್ತಿ ತೆರಿಗೆಯ, ಏರಿಕೆಯ ಮೇಲೆ ಸಭೆ ಕಾವೇರಿತು. ಜಗಳ ಇದ್ದದ್ದು ಏರಿಸಬೇಕೋ ಬೇಡವೋ ಎಂಬುದಕ್ಕಿಂತ ಹೆಚ್ಚಾಗಿ, ಠರಾವು ಆದದ್ದು ಯಾವ ವರ್ಷದಿಂದ ಏರಿಸಲು ಎಂಬುದರ ಬಗ್ಗೆ, 2023–24ರಿಂದಲೋ 2024–25ರಿಂದಲೋ. ಇಡೀ ಉಪನ್ಯಾಸದಲ್ಲಿ ನಾನು ಹೇಳಲು ಹೊರಟದ್ದನ್ನು ಪಾಲಿಕೆ ಒಂದೇ ಸಭೆಯಲ್ಲಿ ಆಡಿ ತೋರಿಸಿತು. ಆದರೂ ನಾನು ಆ ಗಲಾಟೆಯನ್ನು ಹೀಗಳೆಯುವುದಿಲ್ಲ. 2019ರ ಮಾರ್ಚ್‌ನಿಂದ 2021ರ ಸೆಪ್ಟೆಂಬರ್‌ವರೆಗೆ ಆ ಪಾಲಿಕೆಯಲ್ಲಿ ಜಗಳವಾಡಲು ಚುನಾಯಿತ ಸದಸ್ಯರೇ ಇರಲಿಲ್ಲ. ಜಗಳ ಕೇಳಿಸಿತೆಂದರೆ ಮನೆಯಲ್ಲಿ ಜನ ಇದ್ದಾರೆ ಎಂದರ್ಥ.

ಕ್ಯಾಂಪಿನಲ್ಲಿ ಆ ಸದ್ದು ಇಲ್ಲ. ಹೈ ಸ್ಟ್ರೀಟಿನಲ್ಲಿ ಅಂಗಡಿ ಇಟ್ಟವರಿಗೆ, ಹಳೆಯ ಬಂಗಲೆಗಳ ಹಿಂದಿನ ಓಣಿಗಳಲ್ಲಿ ಇರುವವರಿಗೆ ನಾನು ಹೊಸದಾಗಿ ಹೇಳಬೇಕಾದ್ದಿಲ್ಲ. ಕರ್ನಾಟಕದಲ್ಲಿ ಉಳಿದಿರುವ ಒಂದೇ ಒಂದು ಕಂಟೋನ್ಮೆಂಟ್ ಬೋರ್ಡು ನಿಮ್ಮದು. 2006ರ ಕಾಯ್ದೆಯ ಪ್ರಕಾರ ಬೋರ್ಡಿಗೆ ಸೇನಾ ಅಧಿಕಾರಿ ಅಧ್ಯಕ್ಷರು, ಜತೆಗೆ ವಾರ್ಡುಗಳಿಂದ ಗೆದ್ದ ಸದಸ್ಯರು. ಇಲ್ಲಿ ಏಳು ವಾರ್ಡು. ಶಾಸಕರು, ಸಂಸದರು ವಿಶೇಷ ಆಹ್ವಾನಿತರಾಗಿ ಬೋರ್ಡಿನ ಸಭೆಗೆ ಬರಬಹುದು, ಮತ ಹಾಕುವಂತಿಲ್ಲ. ಕೊನೆಯ ಚುನಾವಣೆ ನಡೆದದ್ದು 2015ರ ಜನವರಿಯಲ್ಲಿ. ಗೆದ್ದವರ ಅವಧಿ ಮುಗಿದು, ಎರಡು ಸಲ ವಿಸ್ತರಣೆಯಾಗಿ, 2021ರ ಫೆಬ್ರುವರಿಗೆ ಅದೂ ಮುಗಿಯಿತು. 2023ರ ಏಪ್ರಿಲ್ 30ಕ್ಕೆ ದೇಶದ 57 ಕಂಟೋನ್ಮೆಂಟುಗಳಲ್ಲಿ ಚುನಾವಣೆ ಎಂದು ಘೋಷಣೆಯಾಯಿತು, ಮಾರ್ಚ್‌ನಲ್ಲಿ ಅದು ರದ್ದಾಯಿತು. ನಾಗರಿಕ ಪ್ರದೇಶವನ್ನು ಪಾಲಿಕೆಗೆ ಸೇರಿಸುವ ಮಾತು ಆಗಿನಿಂದ ಓಡಾಡುತ್ತಿದೆ. ಸೇರುವುದು ಒಳ್ಳೆಯದೋ ಕೆಟ್ಟದ್ದೋ, ಘರಪಟ್ಟಿ ಎಲ್ಲಿ ಜಾಸ್ತಿ, ಕಸ ಯಾರು ಚೆನ್ನಾಗಿ ಎತ್ತುತ್ತಾರೆ ಎಂಬ ಚರ್ಚೆಯನ್ನು ಚಹಾದ ಅಂಗಡಿಗಳಲ್ಲಿ ನಾನು ಬೇಕಾದಷ್ಟು ಕೇಳಿದ್ದೇನೆ. ಎರಡು ಕಡೆಯ ವಾದದಲ್ಲೂ ಹುರುಳಿದೆ. ಆದರೆ ಸೇರುವವರೆಗಿನ ಘರಪಟ್ಟಿ, ಪಾಣಿಪಟ್ಟಿ ಯಾರ ಒಪ್ಪಿಗೆಯದು? 2015ರಲ್ಲಿ ಹತ್ತು ವರ್ಷದವನಾಗಿದ್ದ ಹುಡುಗ ಇವತ್ತು ಅಂಗಡಿ ಗಲ್ಲೆಯ ಮೇಲೆ ಕೂತು ತೆರಿಗೆ ಕಟ್ಟುತ್ತಿದ್ದಾನೆ. ಬೋರ್ಡಿಗಾಗಿ ಅವನ ಬೆರಳಿಗೆ ಇನ್ನೂ ಶಾಯಿ ಬಿದ್ದಿಲ್ಲ.

ಕ್ಯಾಲಿಫೋರ್ನಿಯಾದ ಮತಪತ್ರ ಇಲ್ಲಿಗೆ ಬೇಡ ಎಂಬುದು ನನ್ನ ಅಭಿಪ್ರಾಯ. ಒಂದು ದಿನದ ಸಿಟ್ಟನ್ನು ಐವತ್ತು ವರ್ಷದ ಕಟ್ಟಳೆ ಮಾಡುವುದು ನಮ್ಮಂಥ ಬಡ ತಾಲೂಕುಗಳಿಗೆ ಆಗಿಬರುವುದಿಲ್ಲ. ಖಾನಾಪುರದ ಕಾಡಂಚಿನ ಹಳ್ಳಿಗೆ ರಸ್ತೆ, ಕಾಲುಸಂಕ, ದವಾಖಾನೆ ಬರಬೇಕಾದರೆ ಯಾರೋ ತೆರಿಗೆ ಕಟ್ಟಲೇಬೇಕು. ನನಗೆ ಬೇಕಾದದ್ದು ಸಣ್ಣದು. ದರ ಏರಿಸುವ ಪ್ರತಿಯೊಂದು ಅಧಿಸೂಚನೆಯೂ ಮುಂದಿನ ಅಧಿವೇಶನದಲ್ಲಿ ಮತಕ್ಕೆ ಬರಲಿ, ಸದನ ಒಪ್ಪದಿದ್ದರೆ ಬಿದ್ದುಹೋಗಲಿ. ಅಧಿಕಾರ ಕೊಟ್ಟ ಹಳೆಯ ಕಾಯ್ದೆಗಳಿಗೆ ಹತ್ತು ವರ್ಷಕ್ಕೊಮ್ಮೆ ಹೊಸ ಒಪ್ಪಿಗೆ ಪಡೆಯಲಿ. ಇದಕ್ಕೆ ಸಂವಿಧಾನ ತಿದ್ದಬೇಕಿಲ್ಲ. ಚಳಿಗಾಲದಲ್ಲಿ ಸುವರ್ಣ ವಿಧಾನಸೌಧಕ್ಕೆ ಬರುವ ನಮ್ಮ ಜಿಲ್ಲೆಯ ಶಾಸಕರೊಬ್ಬರು ಒಂದು ಖಾಸಗಿ ನಿರ್ಣಯ ಮಂಡಿಸಿದರೂ ಮಾತು ಶುರುವಾಗುತ್ತದೆ.

ಕ್ಯಾಂಪಿನವರಿಗೆ ಮಾತ್ರ ಇನ್ನೊಂದು ಮಾತು. ಬೋರ್ಡು ಹೊಸ ತೆರಿಗೆಯ ಪ್ರಸ್ತಾವ ಪ್ರಕಟಿಸಿದರೆ, ಪ್ರಕಟಿಸಿದ ದಿನದಿಂದ 30 ದಿನದೊಳಗೆ ಕಂಟೋನ್ಮೆಂಟಿನ ಯಾವ ನಿವಾಸಿಯಾದರೂ ಲಿಖಿತ ಆಕ್ಷೇಪಣೆ ಕೊಡಬಹುದು, ಬೋರ್ಡು ಅದನ್ನು ಪರಿಗಣಿಸಲೇಬೇಕು ಎಂದು ಕಾಯ್ದೆ ಹೇಳುತ್ತದೆ. ಮತಪೆಟ್ಟಿಗೆ ಬರುವವರೆಗೆ ನಿಮ್ಮ ಕೈಯಲ್ಲಿರುವುದು ಆ ಕಾಗದ. ಪ್ರಕಟಣೆ ಫಲಕದ ಮುಂದೆ ತಿಂಗಳಿಗೊಮ್ಮೆಯಾದರೂ ನಿಂತು ಓದಿ. ಒಪ್ಪಿಗೆಯಿದ್ದರೆ ಒಪ್ಪಿಗೆ ಎಂದೇ ಬರೆಯಿರಿ, ಇಲ್ಲದಿದ್ದರೆ ಯಾಕಿಲ್ಲ ಎಂದು ಬರೆಯಿರಿ. ಕನ್ನಡದಲ್ಲೋ ಮರಾಠಿಯಲ್ಲೋ ಉರ್ದುವಿನಲ್ಲೋ, ನಿಮಗೆ ಬಂದ ಭಾಷೆಯಲ್ಲಿ. ಕೆಳಗೆ ಸಹಿ ಮಾಡಿ, ತಾರೀಖು ಹಾಕಿ, ಒಂದು ಪ್ರತಿಗೆ ಠಸ್ಸೆ ಹೊಡೆಸಿಕೊಂಡು ಮನೆಯಲ್ಲಿಟ್ಟುಕೊಳ್ಳಿ.